ಮಸ್ಕಿಯಲ್ಲಿ ಎರಡು ವಸ್ತಿ

ಮಸ್ಕಿಯಲ್ಲಿ ಎರಡು ರಾತ್ರಿ ಇದ್ದು ಬರೋಣ ಎಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ‘ಎರಡ್ ರಾತ್ರಿ ಯಾಕ?’ ಅಂದರು, ಅಷ್ಟೆ. ಮಗಳ ಲೆಕ್ಕದಲ್ಲಿ ಮಸ್ಕಿಗೆ ಅರ್ಧ ಗಂಟೆ ಧಾರಾಳ. ಅವಳ ಮಾತು ತೆಗೆದುಹಾಕುವಂಥದ್ದೂ ಅಲ್ಲ. ಹಂಪಿಗೆ ಬಂದವರಲ್ಲಿ ಇತಿಹಾಸದ ಹುಚ್ಚು ತುಸು ಹೆಚ್ಚಿದ್ದವರು ಮಸ್ಕಿಗೂ ಬರುತ್ತಾರೆ. ಗುಡ್ಡ ಹತ್ತಿ, ಅಶೋಕನ ಶಾಸನವಿರುವ ಬಂಡೆಯ ಮುಂದೆ ನಿಂತು ಫೋಟೊ ಹೊಡೆಸಿಕೊಂಡು, ಕಾರಿನೊಳಗಿನ ತಂಪು ಆರುವುದರೊಳಗೆ ತಿರುಗಿ ಬಂದು ಕೂರುತ್ತಾರೆ.

ಮಗಳು ಮೊಬೈಲಿನಲ್ಲಿ ಮಸ್ಕಿಯ ಹೆಸರು ಹಾಕಿ ರೂಮು ಹುಡುಕಿದಳು. ಅದು ಸಿಂಧನೂರು ತೋರಿಸಿತು, ಆಮೇಲೆ ರಾಯಚೂರು ತೋರಿಸಿತು, ಕೊನೆಗೆ ಹಂಪಿಯ ಕಡೆಯ ಯಾವುದೋ ರೆಸಾರ್ಟಿನ ಈಜುಕೊಳಕ್ಕೆ ತಂದು ಕೂಡಿಸಿತು. ‘ಅಪ್ಪಾ, ಇಲ್ಲೇ ಇದ್ದು ಒಂದಿನ ಹೋಗಿ ಬರೂಣು’ ಎಂದಳು. ಹೆಂಡತಿ ನನ್ನ ಮುಖ ನೋಡಿದಳು. ನಾನು ಹಟ ಹಿಡಿಯುವ ಹೊತ್ತಿನಲ್ಲಿ ನನ್ನ ಮೂಗು ಕೆಂಪಾಗುತ್ತದಂತೆ.

ಅನುಕೂಲದ ಮಾತಾದರೆ ಸಿಂಧನೂರೇ ಸರಿ. 2024ರಲ್ಲಿ ಅಲ್ಲಿಗೆ ರೈಲೂ ಬಂತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ, ಭತ್ತದಿಂದ ಅಕ್ಕಿ ಗಿರಣಿ, ಗಿರಣಿಯಿಂದ ವ್ಯಾಪಾರಸ್ಥರು, ವ್ಯಾಪಾರಸ್ಥರಿಂದ ಒಳ್ಳೆಯ ಲಾಡ್ಜುಗಳು. ಊರು ಬೆಳೆದದ್ದೇ ಹಾಗೆ. ಲಿಂಗಸುಗೂರೂ ಆದೀತು. ನಿಜಾಮರ ಕಾಲದಲ್ಲಿ ಅದು ಜಿಲ್ಲಾ ಕೇಂದ್ರವಾಗಿದ್ದ ಊರು, ಈಗಲೂ ಅದರ ನಡಿಗೆಯಲ್ಲಿ ಆ ಗತ್ತು ಒಂಚೂರು ಉಳಿದಿದೆ. ಸಿಂಧನೂರಿನಿಂದ ಆಗಲಿ ಲಿಂಗಸುಗೂರಿನಿಂದ ಆಗಲಿ ಮಸ್ಕಿ ಸುಮಾರು 30 ಕಿಲೋಮೀಟರು. ನಡುವೆ ಇರುವ ಊರಿನ ಹಣೆಬರಹವೇ ಇದು. ಎರಡೂ ಕಡೆಯವರು ‘ಇಲ್ಲಿಂದ ಹತ್ರ’ ಅನ್ನುತ್ತಾರೆ, ಯಾರೂ ಅಲ್ಲಿ ಮಲಗುವುದಿಲ್ಲ.

ನಮ್ಮಪ್ಪ ಮಲಗುತ್ತಿದ್ದ.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ನಮ್ಮ ಕಡೆ ‘ವಸ್ತಿ ಗಾಡಿ’ ಎಂಬುದೊಂದಿದೆ. ಸಂಜೆ ಊರು ಸೇರಿ, ರಾತ್ರಿ ಅಲ್ಲೇ ನಿಂತು, ನಸುಕಿನಲ್ಲಿ ಹೊರಡುವ ಬಸ್ಸು. ಸಂತೆ, ಕೋರ್ಟು, ದವಾಖಾನೆ ಎಂದು ಹೊರಡುವವರಿಗೆ ಅದೇ ಮೊದಲ ಗಾಡಿ. ಡ್ರೈವರ್ ಕಂಡಕ್ಟರಿಗೆ ಹಾಸಿಗೆ ಎಂದರೆ ಬಸ್ಸಿನ ಕೊನೆಯ ಉದ್ದ ಸೀಟು, ಬ್ಯಾಸಗಿಯಲ್ಲಿ ಬಸ್ಸಿನ ಟಾಪು. ಟಿಕೇಟಿನ ಡಬ್ಬಿ ತಲೆದಿಂಬಿನ ಪಕ್ಕ, ರೊಕ್ಕದ ಚೀಲ ತಲೆದಿಂಬಿನ ಒಳಗೆ. ಅಪ್ಪನ ಪಾಳಿಗೆ ಮಸ್ಕಿ ವಸ್ತಿ ಎಷ್ಟು ವರ್ಷ ಬಿತ್ತೋ ಲೆಕ್ಕವಿಲ್ಲ. ‘ನಿಮ್ಮಪ್ಪಗ ಅಲ್ಲೊಂದು ಮನಿ ಐತಿ ನೋಡು, ಆರು ಗಾಲೀದು’ ಎಂದು ಅವ್ವ ಆಡಿಕೊಳ್ಳುತ್ತಿದ್ದಳು.

ಒಂದು ಬ್ಯಾಸಗಿ ರಜೆಯಲ್ಲಿ ನಾನೂ ಆ ಗಾಡಿಯಲ್ಲಿ ಹೋದೆ. ಆಗ ಮಸ್ಕಿ ಲಿಂಗಸುಗೂರು ತಾಲ್ಲೂಕಿನ ಒಂದು ಊರು, ಈಗಿನಂತೆ ತಾನೇ ತಾಲ್ಲೂಕು ಆಗಿರಲಿಲ್ಲ. ಟಾಪಿನ ಮೇಲೆ ಅಂಗಾತ ಮಲಗಿದರೆ ಬಿಸಿ ತಗಡು ಬೆನ್ನಿಗೆ, ಚುಕ್ಕಿ ಮುಖಕ್ಕೆ. ಒಂದು ಕಡೆ ಮಲ್ಲಯ್ಯನ ಗುಡ್ಡದ ಮೇಲೆ ಒಂಟಿ ದೀಪ ಉರಿಯುತ್ತಿತ್ತು. ನಾನು ಆ ವರ್ಷ ಶಾಲೆಯಲ್ಲಿ ಅಶೋಕನ ಪಾಠ ಓದಿದ್ದೆ. ‘ಅಪ್ಪಾ, ನಾಳಿ ಮುಂಜಾನಿ ಶಾಸನ ನೋಡೂಣು’ ಅಂದೆ. ಅಪ್ಪ ನಿದ್ದೆಗಣ್ಣಿನಲ್ಲೇ ಹೇಳಿದ: ‘ಶಾಸನ ಎಲ್ಲಿ ಓಡಿ ಹೋಗ್ತೈತಿ? ಐದೂವರಿ ಗಾಡಿ ಓಡಿ ಹೋಗ್ತೈತಿ.’

ಐದೂವರೆಗೆ ಗಾಡಿ ಹೋಯಿತು. ಗುಡ್ಡದ ಮೇಲೆ ಇನ್ನೂ ಬೆಳಕು ಹರಿದಿರಲಿಲ್ಲ. ಅಷ್ಟು ವರ್ಷ ಆ ಗುಡ್ಡದ ಬುಡದಲ್ಲಿ ಮಲಗಿದ ಅಪ್ಪ ಶಾಸನವನ್ನು ಒಂದು ದಿನವೂ ನೋಡಲಿಲ್ಲ. ಒಂದು ವಸ್ತಿ ಹಾಕಿದವರಿಗೆ ಸಿಗುವುದು ಕತ್ತಲೆ ಮಾತ್ರ. ನಡುವೆ ಒಂದು ಪೂರಾ ಹಗಲು ಬೇಕಾದರೆ ಎರಡು ವಸ್ತಿ ಇರಬೇಕು. ನನ್ನ ಹಟದ ಹಿಂದಿನ ಗಣಿತ ಇಷ್ಟೇ.

ಊರಿನ ಲಾಡ್ಜಿನಲ್ಲಿ ರೂಮು ಕೇಳುವುದೆಂದರೆ ಮೊದಲು ನೆನಪಾಗುವುದು ಆ ಉದ್ದನೆಯ ರಿಜಿಸ್ಟರು. ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಬಂದ ಉದ್ದೇಶ. ದಾರಕ್ಕೆ ಕಟ್ಟಿದ ಪೆನ್ನು. ದೊಡ್ಡ ಮನುಷ್ಯರು ಅಲ್ಲಿ ಹೆಸರು ಬರೆಯುವುದೇ ಇಲ್ಲ, ತಮ್ಮ ಹುದ್ದೆ ಗೀಚಿ ಕೀಲಿ ಇಸಿದುಕೊಂಡು ಮೆಟ್ಟಿಲು ಹತ್ತುತ್ತಾರೆ. ಅಶೋಕನ ಚಾಳಿಯೂ ಇದೇ. ದೇಶದ ತುಂಬ ಬಂಡೆಗೆ, ಕಂಬಕ್ಕೆ ಬರೆಸಿದ. ಎಲ್ಲ ಕಡೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’. ದೇವರಿಗೆ ಬೇಕಾದವನು, ನೋಡಲು ಪ್ರಿಯನಾದವನು. ಸರಿ ಮಾರಾಯಾ, ನಿನ್ನ ಹೆಸರೇನು?

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದಾಗ ಎದುರಾದ ಪೇಚು ಇದು. ಅಕ್ಷರ ಗೊತ್ತಾಯಿತು, ಆಸಾಮಿ ಗೊತ್ತಾಗಲಿಲ್ಲ. ಇವನು ಸಿಂಹಳದ ದೊರೆ ದೇವಾನಾಂಪಿಯ ತಿಸ್ಸನೇ ಇರಬೇಕೆಂದು ಪ್ರಿನ್ಸೆಪ್ ಮೊದಲು ಅಂದುಕೊಂಡಿದ್ದ. ಆಮೇಲೆ ಸಿಂಹಳದ ಪಾಲಿ ಗ್ರಂಥ ‘ದೀಪವಂಸ’ದ ಆಧಾರದಿಂದ ಜಾರ್ಜ್ ಟರ್ನರ್, ಪಿಯದಸ್ಸಿ ಎಂದರೆ ಅಶೋಕನೇ ಎಂದು ತೋರಿಸಿದ. ವಿದ್ವಾಂಸರು ಒಪ್ಪಿದರು. ಆದರೂ ಕಲ್ಲು ತಾನಾಗಿ ಬಾಯಿಬಿಟ್ಟು ಹೇಳಿರಲಿಲ್ಲ. ಹಾಗೆ 78 ವರ್ಷ ಕಳೆದವು.

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಸುತ್ತ ತಿರುಗುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಚಿನ್ನ. ಈ ಸೀಮೆಯಲ್ಲಿ ಚಿನ್ನ ಹುಡುಕುವುದು ಹುಚ್ಚಾಟವೇನಲ್ಲ. ಹಟ್ಟಿಯ ಚಿನ್ನದ ಗಣಿ ಇಲ್ಲಿಗೆ ದೂರವಿಲ್ಲ, ಹಳೆಯ ಕಾಲದವರು ತೋಡಿಬಿಟ್ಟ ಗುಂಡಿಗಳು ಅಲ್ಲಲ್ಲಿ ಇವೆ. ಅಶೋಕನದೇ ಆದ ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರದ ಹೆಸರೇ ಸುವರ್ಣಗಿರಿ. ಅದು ಕನಕಗಿರಿ ಎನ್ನುವವರಿದ್ದಾರೆ, ಆಂಧ್ರದ ಜೊನ್ನಗಿರಿ ಎನ್ನುವವರಿದ್ದಾರೆ, ಮಸ್ಕಿಯೇ ಎಂದವರೂ ಇದ್ದಾರೆ. ಬೀಡನ್‌ಗೆ ದುರ್ಗದ ಗುಡ್ಡದ ಬಂಡೆಯ ಮೇಲೆ ಸಿಕ್ಕಿದ್ದು ಎಂಟು ಸಾಲು ಅಕ್ಷರ. ಅದೇ ವರ್ಷ ಶಾಸನತಜ್ಞ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವೇ ಅದು. ಮೊದಲ ಸಾಲಿನಲ್ಲಿ ದೇವಾನಾಂಪ್ರಿಯನ ಪಕ್ಕದಲ್ಲೇ ‘ಅಸೋಕಸ’ ಎಂದಿತ್ತು. ಅಶೋಕನ.

ನನಗೆ ಕಾಣುವ ಚಿತ್ರ ಬೇರೆ. ಮಸ್ಕಿಯ ಯಾವನೋ ಮ್ಯಾನೇಜರು ರಿಜಿಸ್ಟರು ತಿರುಗಿಸಿ ಮುಂದಿಟ್ಟು, ‘ಹಿಂಗಲ್ರೀ ಸಾಹೇಬ್ರ, ಪೂರ್ತಿ ಹೆಸರು ಬರೀರಿ’ ಅಂದಿರಬೇಕು. ಚಕ್ರವರ್ತಿ ಬರೆದಿರಬೇಕು.

ಈ ವಿಷಯದಲ್ಲಿ ನಮ್ಮ ಕಡೆಯವರು ಒಂದಿಷ್ಟು ಉಬ್ಬುತ್ತೇವೆ. ಅಶೋಕನ ಹೆಸರಿರುವ ಶಾಸನ ದೇಶಕ್ಕೆಲ್ಲ ಮಸ್ಕಿಯದೊಂದೇ ಎಂದು ಇವತ್ತಿಗೂ ಭಾಷಣಗಳಲ್ಲಿ ಕೇಳುತ್ತೇವೆ. ಒಂದೇ ಅಲ್ಲ. ಮಧ್ಯಪ್ರದೇಶದ ಗುಜರ್ರಾದಲ್ಲಿ ಆಮೇಲೆ ಸಿಕ್ಕಿತು. 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳದಲ್ಲೂ ಸಿಕ್ಕಿತು. ಮಸ್ಕಿಯದು ಮೊದಲು ಕಂಡದ್ದು. ಮೊದಲು ಎಂಬುದು ಸಣ್ಣ ಮಾತೇ? ಅದಕ್ಕೆ ‘ಒಂದೇ’ ಎಂಬ ಸುಳ್ಳಿನ ಪೇಟ ಸುತ್ತುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇನ್ನು ರಿಜಿಸ್ಟರಿನ ಮುಂದಿನ ಕಾಲಂ, ಎಷ್ಟು ರಾತ್ರಿ. ಅದನ್ನೂ ಅಶೋಕ ಬರೆಸಿದ್ದಾನೆ, ಮಸ್ಕಿಯಲ್ಲಲ್ಲ. ಇದೇ ಶಾಸನದ ಬೇರೆ ಪ್ರತಿಗಳಲ್ಲಿ, ನಮ್ಮ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲೂ ಬಿಹಾರದ ಸಸಾರಾಮಿನಲ್ಲೂ, ಕೊನೆಗೆ 256 ಎಂಬ ಅಂಕಿ ಇದೆ. ಹಿಂದೆ ಕೆಲವು ಪಂಡಿತರು ಇದು ಬುದ್ಧ ನಿರ್ವಾಣವಾಗಿ ಸಂದ ವರ್ಷ ಎಂದು ಅರ್ಥ ಮಾಡಿದರು. ಸಸಾರಾಮಿನ ಪ್ರತಿಯಲ್ಲಿ ‘ರಾತ್ರಿ’ ಎಂಬ ಮಾತೇ ಇರುವುದು ಗಮನಕ್ಕೆ ಬಂದ ಮೇಲೆ ಅರ್ಥ ತಿರುಗಿತು: ಮನೆ ಬಿಟ್ಟು ಪ್ರವಾಸದಲ್ಲಿ ಕಳೆದ 256 ರಾತ್ರಿಗಳು. ಅಲ್ಲಿ ಬಳಸಿದ ಪದದ ಬೇರು ‘ವಸ್’. ವಾಸ, ವಸತಿ, ನಮ್ಮ ವಸ್ತಿ, ಎಲ್ಲದರ ಬೇರೂ ಅದೇ. ಅಂದರೆ ಅಶೋಕ ಹೇಳಿದ್ದು ಅಪ್ಪನ ವೇಬಿಲ್ಲಿನ ಭಾಷೆಯಲ್ಲಿ: ವಸ್ತಿ 256. ಅಪ್ಪನಿಗೆ ಪ್ರತಿ ವಸ್ತಿಗೆ ಒಂದಿಷ್ಟು ಭತ್ಯೆ ಬರುತ್ತಿತ್ತು. ಅರಸನಿಗೆ ಯಾರು ಕೊಡಬೇಕು?

ವಸ್ತಿಯ ಕಷ್ಟ ಅಶೋಕನಿಗೆ ಗೊತ್ತಿತ್ತು ಎಂದು ನನ್ನ ನಂಬಿಕೆ. ಫಿರೋಜ್ ಷಾ ತುಘಲಕ್ ದಿಲ್ಲಿಗೆ ಸಾಗಿಸಿ ತಂದು ನಿಲ್ಲಿಸಿದ ತೋಪ್ರಾದ ಕಂಬದ ಮೇಲೆ ಏಳನೆಯ ಸ್ತಂಭ ಶಾಸನವಿದೆ. ದಾರಿಯುದ್ದಕ್ಕೂ ಆಲದ ಗಿಡ ಹಚ್ಚಿಸಿದೆ, ಮಾವಿನ ತೋಪು ಮಾಡಿಸಿದೆ, ಬಾವಿ ತೋಡಿಸಿದೆ, ತಂಗುಮನೆ ಕಟ್ಟಿಸಿದೆ ಎಂದು ಅಲ್ಲಿ ಹೇಳಿಕೊಂಡಿದ್ದಾನೆ. ತಂಗುಮನೆ ಎಂಬುದಕ್ಕೆ ಅಲ್ಲಿರುವ ಶಬ್ದವನ್ನು ಕೆಲವರು ನೀರಿಗೆ ಇಳಿಯುವ ಮೆಟ್ಟಿಲು ಎಂದೂ ಅರ್ಥ ಮಾಡುತ್ತಾರೆ. ಅವರ ಮಾತೇ ಸರಿಯಾದರೆ ನನ್ನ ವಾದ ಅದೇ ಮೆಟ್ಟಿಲಿನಿಂದ ಜಾರಿ ನೀರಿಗೆ ಬಿತ್ತು. ಇರಲಿ, ಬಾವಿ ಮತ್ತು ನೆರಳಂತೂ ಖಾತ್ರಿ.

ಆ ಪುಣ್ಯಕ್ಕೋ ಏನೋ, ಸ್ವತಂತ್ರ ಭಾರತ ತನ್ನ ದೊಡ್ಡ ಹೋಟೆಲಿಗೆ ಅವನ ಹೆಸರೇ ಇಟ್ಟಿತು. 1956ರಲ್ಲಿ ಯುನೆಸ್ಕೊ ಸಮ್ಮೇಳನಕ್ಕೆಂದು ದಿಲ್ಲಿಯಲ್ಲಿ ಅಶೋಕ ಹೋಟೆಲ್ ಎದ್ದಿತು. ಮುಂದೆ ಬೆಂಗಳೂರಿಗೂ ಅದೇ ಹೆಸರಿನದು ಬಂತು. ಆ ಹೆಸರನ್ನು ಖಚಿತ ಮಾಡಿಕೊಟ್ಟ ಊರಿನಲ್ಲಿ ನನಗೆ ಮೂರು ಮಂದಿಗೊಂದು ರೂಮು, ಎರಡು ವಸ್ತಿಗೆ ಬೇಕಾಗಿತ್ತು.

ತಮಾಷೆಯೆಂದರೆ ಮಸ್ಕಿಯ ಬಂಡೆ ಹೇಳುವುದೂ ಸಣ್ಣವರ ಮಾತನ್ನೇ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವನಿಗೂ ಅದು ಸಿಕ್ಕೀತು, ಇಬ್ಬರಿಗೂ ಇದನ್ನು ಹೇಳಿ ಎಂಬುದು ಅದರ ತಿರುಳು. ಊರು ಮಾತ್ರ ಒಂದು ಕಾಲಕ್ಕೆ ಸಣ್ಣದಾಗಿರಲಿಲ್ಲ. ಮಧ್ಯಕಾಲದ ಶಾಸನಗಳಲ್ಲಿ ಇದು ‘ಪಿರಿಯ ಮೊಸಂಗಿ’, ಹಿರಿಯ ಮಸ್ಕಿ. ರಾಜೇಂದ್ರ ಚೋಳ ಚಾಲುಕ್ಯ ಜಯಸಿಂಹನನ್ನು ಸೋಲಿಸಿದೆನೆಂದು ಹೇಳಿಕೊಳ್ಳುವ ಮುಸಂಗಿ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಅಗೆಸಿದಾಗ ಮಧ್ಯಕಾಲದ ಪದರದ ಕೆಳಗೆ ಆದಿ ಇತಿಹಾಸ ಕಾಲದ್ದು, ಅದರ ಕೆಳಗೆ ಬೃಹತ್ ಶಿಲಾಯುಗದ್ದು, ಎಲ್ಲದರ ಕೆಳಗೆ ಕಲ್ಲು-ತಾಮ್ರ ಬಳಸುತ್ತಿದ್ದವರ ಪದರ ಸಿಕ್ಕಿತು. ಪುರಾತತ್ವದವರು ಇದಕ್ಕೆ ‘ಜನವಸತಿ’ ಎನ್ನುತ್ತಾರೆ. ಸಾವಿರಾರು ವರ್ಷದ ಹಿಂದಿನಿಂದ ಜನ ವಸ್ತಿ ಮಾಡಿದ ಊರು ಮೊಬೈಲಿನಲ್ಲಿ ಮಾತ್ರ ‘ರೂಮು ಇಲ್ಲ’.

ಮೊಬೈಲು ಬದಿಗಿಟ್ಟು, ಸಿಂಧನೂರಿನ ನೆಂಟರೊಬ್ಬರಿಂದ ನಂಬರು ಇಸಿದುಕೊಂಡು ನಾನೇ ಮಾತಾಡಿದೆ. ಮಸ್ಕಿಯ ಒಂದು ಸಣ್ಣ ಲಾಡ್ಜು.

‘ಅಣ್ಣಾರ, ರೂಮ್ ಐತೇನ್ರಿ?’

‘ಐತ್ರಿ. ಎಷ್ಟ್ ಮಂದಿ?’

‘ಮೂರು. ಎರಡು ವಸ್ತಿ.’

‘ಲಗ್ನಕ್ಕ ಬರಾಕತ್ತೀರೇನ್ರಿ?’

‘ಅಲ್ರಿ, ಶಾಸನ ನೋಡಾಕ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಶಾಸನಕ್ಕ ಎರಡ್ ದಿನ ಬೇಕೇನ್ರಿ? ಅಲ್ಲಿ ಎಂಟ ಸಾಲ್ ಅದಾವ’ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಎಂಟು ಸಾಲು ಎಂದು ಎಷ್ಟು ಮಂದಿ ಲಾಡ್ಜಿನವರಿಗೆ ಗೊತ್ತಿರುತ್ತದೆ? ಮಲ್ಲಯ್ಯನ ಜಾತ್ರೆಯ ದಿನ ಬರಬೇಡಿ, ಆಗ ಅಂಗಳದಲ್ಲೂ ಜಾಗ ಸಿಗುವುದಿಲ್ಲ ಎಂದರು. ಊಟಕ್ಕೆ ಖಾನಾವಳಿ ಇದೆ, ರೊಟ್ಟಿ ಬಿಸಿಯಾಗಿ ಬಡಿದು ಕೊಡುತ್ತಾರೆ. ಮುಂಜಾನೆ ಒಗ್ಗರಣಿ-ಮಿರ್ಚಿಗೆ ಬಸ್ ಸ್ಟ್ಯಾಂಡ್ ಕಡೆ ಹೋಗಬೇಕು. ಗುಡ್ಡ ಹತ್ತುವುದಿದ್ದರೆ ಬಿಸಿಲೇರುವ ಮುಂಚೆ ಹತ್ತಿ, ನೀರಿನ ಬಾಟ್ಲಿ ಒಯ್ಯಿರಿ. ಇಷ್ಟೆಲ್ಲ ಯಾವ ಮೊಬೈಲೂ ನನಗೆ ಹೇಳಿರಲಿಲ್ಲ.

ಹೆಂಡತಿ ಪಕ್ಕದಲ್ಲಿ ನಿಂತು ಬಾತ್‌ರೂಮು ಒಳಗಿದೆಯೋ ಹೊರಗಿದೆಯೋ ಕೇಳಿ ಎಂದು ಕೈಸನ್ನೆ ಮಾಡುತ್ತಿದ್ದಳು. ಒಳಗಿದೆಯಂತೆ. ಮಗಳಿಗೆ ವೈಫೈ ಬೇಕಿತ್ತು. ‘ಅದೂ ಐತ್ರಿ, ಕರೆಂಟ್ ಇದ್ದಾಗ’ ಎಂದರು. ಮೂವರ ಆಧಾರ್ ಕಾರ್ಡಿನ ಝೆರಾಕ್ಸ್ ತರಬೇಕು, ರಿಜಿಸ್ಟರಿನಲ್ಲಿ ಎಲ್ಲರ ಪೂರ್ತಿ ಹೆಸರು ಬರೆಯಬೇಕು.

ರೂಮು ಹೇಳಿಯಾಯಿತು, ಎರಡು ವಸ್ತಿ. ರಸ್ತೆ ಕಡೆಯ ಕಿಟಕಿ ಇರುವ ರೂಮೇ ಕೇಳಿದ್ದೇನೆ. ಸ್ನಾನದ ಬಿಸಿನೀರು ಬೆಳಿಗ್ಗೆ 6ಕ್ಕೆ ಶುರುವಂತೆ. ಐದೂವರೆಯ ಗಾಡಿ ಅಷ್ಟು ಹೊತ್ತಿಗೆ ಹೋಗಿರುತ್ತದೆ.