ಎರಡು ದಿನದ ಗಂಟು

ಮೈಸೂರಿನ ಗೃಹಸ್ಥರೊಬ್ಬರು ಎರಡು ದಿನಗಳ ಮಟ್ಟಿಗೆ ಹಂಪೆಗೆ ಹೊರಟಿದ್ದರು. ಆರು ಜೊತೆ ಉಡುಪು, ಮೂರು ಜೊತೆ ಪಾದರಕ್ಷೆ, ದಪ್ಪನೆಯ ಹೊದಿಕೆ, 'ಇರಲಿ, ಬೇಕಾದೀತು' ಎಂದು ಸೇರಿಸಿದ ಇನ್ನೆಷ್ಟೋ ವಸ್ತುಗಳು ಪೆಟ್ಟಿಗೆಯನ್ನು ತುಂಬಿದವು. ಸ್ಲೀಪರ್ ದರ್ಜೆಯ ಪ್ರಯಾಣಿಕನು 40 ಕಿಲೋಗ್ರಾಂ ಸಾಮಾನನ್ನು ಉಚಿತವಾಗಿ ಒಯ್ಯಬಹುದೆಂಬ ರೈಲ್ವೆ ನಿಯಮವು ಅವರಿಗೆ ಸಮಾಧಾನವನ್ನೂ ನೀಡಿತ್ತು.

ಹೊಸಪೇಟೆಯಲ್ಲಿ ಇಳಿದಾಗ ಆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತವನು ಅವರಿಗಿಂತ ಹಿರಿಯನಾದ ಹಮಾಲ. ಮೇಲ್ಸೇತುವೆಯ ಮೆಟ್ಟಿಲುಗಳ ನಡುವೆ ಆತನು ನಿಂತು ಏದುಸಿರು ಬಿಟ್ಟನು. ಬರಿಗೈಯಲ್ಲಿ ಹಿಂದೆ ಬರುತ್ತಿದ್ದ ಗೃಹಸ್ಥರು ತಲೆತಗ್ಗಿಸಿದರು. ಕೇಳಿದ್ದಕ್ಕಿಂತ ಹೆಚ್ಚು ಕೂಲಿ ಕೊಟ್ಟರೂ ಆ ಏದುಸಿರು ಅವರ ಕಿವಿಯಿಂದ ಮರೆಯಾಗಲಿಲ್ಲ.

ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಂಡರು, ತುಂಗಭದ್ರೆಯ ದಡದಲ್ಲಿ ಕುಳಿತರು. ಮನೆಗೆ ಮರಳಿ ಪೆಟ್ಟಿಗೆ ತೆರೆದಾಗ ಅರ್ಧಕ್ಕಿಂತ ಹೆಚ್ಚಿನ ಬಟ್ಟೆಗಳ ಮಡಿಕೆ ಮುರಿದಿರಲಿಲ್ಲ. ಅವುಗಳ ಉಪಯೋಗ ಯಾರಿಗೂ ಆಗಲಿಲ್ಲ. ಭಾರ ಮಾತ್ರ ಒಬ್ಬನ ಕತ್ತಿಗೆ ತಿಳಿಯಿತು.

ನಿಯಮವು ಒಪ್ಪುವುದು ಬೇರೆ, ಅಗತ್ಯವು ಕೇಳುವುದು ಬೇರೆ. ಇವೆರಡರ ನಡುವಿನ ಹೆಚ್ಚುವರಿಯನ್ನು ನಾವು ಗಳಿಸಬಹುದು, ಹೊರುವವನು ಮಾತ್ರ ಇನ್ನೊಬ್ಬ.

ಮುಂದಿನ ಪ್ರವಾಸಕ್ಕೆ ಅವರು ವಸ್ತುಗಳನ್ನು ಚಾಪೆಯ ಮೇಲೆ ಹರಡಿ, 'ಇದು ಬೇಕಾದೀತೇ?' ಎಂದು ಕೇಳಲಿಲ್ಲ. 'ಇದನ್ನು ಹೊರುವವರು ಯಾರು?' ಎಂದು ಕೇಳಿದರು. ಒಂದು ಹೆಗಲಚೀಲ ಸಾಕಾಯಿತು. ಅದನ್ನು ಅವರೇ ಹೊತ್ತರು.