ಮುದ್ರಿಸಿದವರ ಹೆಸರೆಲ್ಲಿ?

ಎಂಬತ್ತರ ದಶಕದಲ್ಲಿ ಆರ್.ಟಿ. ನಗರದಿಂದ ಒಳ್ಳೆಯ ರೆಕಾರ್ಡು ಹುಡುಕಿಕೊಂಡು ಹೊರಟರೆ ಶಿವಾಜಿನಗರದ ಬಸ್ಸು ಹಿಡಿದು, ಅಲ್ಲಿಂದ ಬ್ರಿಗೇಡ್ ರಸ್ತೆಗೆ ನಡೆಯಬೇಕಿತ್ತು. ಯಲಹಂಕದವರಿಗೆ ಅದು ಅರ್ಧ ದಿನದ ಕೆಲಸ. ನಮ್ಮ ಕಡೆಯ ಕ್ಯಾಸೆಟ್ ಅಂಗಡಿಗಳಲ್ಲಿ ಸಿನಿಮಾ ಹಾಡು, ಭಕ್ತಿಗೀತೆ, ಭಾವಗೀತೆ ಧಾರಾಳವಾಗಿ ಸಿಗುತ್ತಿದ್ದವು. ಮಲ್ಲಿಕಾರ್ಜುನ ಮನ್ಸೂರರದೋ ದೊರೆಸ್ವಾಮಿ ಅಯ್ಯಂಗಾರರದೋ ಒಂದೆರಡು ಕ್ಯಾಸೆಟ್ ಮೂಲೆಯಲ್ಲಿರುತ್ತಿದ್ದವು. ಜಾಝ್ ಕೇಳಿದರೆ ಇಂಗ್ಲಿಷ್ ಪಾಪ್ ಹಾಡುಗಳ ಡಬ್ಬಿ ಮುಂದಿಡುತ್ತಿದ್ದರು.

ಕೈಯಲ್ಲಿ ದುಡ್ಡು ಕಡಿಮೆ. ಹಾಗಾಗಿ ಎಲ್‌ಪಿ ಕೊಳ್ಳುವ ಮೊದಲು ಕವರಿನ ಹಿಂಬದಿಯನ್ನು ಪೂರ್ತಿ ಓದುತ್ತಿದ್ದೆ. ಬ್ಲೂ ನೋಟ್‌ನ ಜಾಝ್ ರೆಕಾರ್ಡುಗಳ ಮೇಲೆ ರೂಡಿ ವ್ಯಾನ್ ಗೆಲ್ಡರ್ ಎಂಬ ಧ್ವನಿ ತಂತ್ರಜ್ಞನ ಹೆಸರಿರುತ್ತಿತ್ತು. ಡಾಯ್ಚ ಗ್ರಾಮಫೋನ್‌ನವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರೆಕಾರ್ಡುಗಳ ಮೇಲೆ ಮುದ್ರಿಸಿದ ತಂತ್ರಜ್ಞರ ಹೆಸರು ಹಾಕುತ್ತಿದ್ದರು. ನಮ್ಮ ಶಾಸ್ತ್ರೀಯ ಸಂಗೀತದ ಎಲ್‌ಪಿಗಳಲ್ಲಿ ರಾಗ, ತಾಳ, ಪಕ್ಕವಾದ್ಯದವರ ಹೆಸರು ಸಿಗುತ್ತಿತ್ತು. ಯಾವ ಕೋಣೆಯಲ್ಲಿ, ಯಾರ ಕೈಯಲ್ಲಿ ಆ ಧ್ವನಿ ಮುದ್ರಣವಾಯಿತು ಎಂಬುದನ್ನು ಮಾತ್ರ ಯಾರೂ ಬರೆಯುತ್ತಿರಲಿಲ್ಲ. ಕಲಾವಿದರಿಗೆ ಸಲ್ಲುವ ಗೌರವದಲ್ಲಿ ಒಂದು ಪಾಲು ಆ ತಂತ್ರಜ್ಞರಿಗೂ ಸಲ್ಲಬೇಕು ಎಂದು ನನಗೆ ಆಗಲೇ ಅನ್ನಿಸಿತ್ತು.

ಕೇಳುವುದನ್ನು ನನಗೆ ಕಲಿಸಿದವರು ಮತ್ತಿಕೆರೆಯಲ್ಲಿದ್ದ ಒಬ್ಬ ರಾಯರು, ಬಿಇಎಲ್ ನೌಕರರು. ಜಾಲಹಳ್ಳಿಯ ಆ ಕಾರ್ಖಾನೆಯಲ್ಲಿ ಹಿಂದೆ ರೇಡಿಯೊ ವಾಲ್ವ್‌ಗಳು ತಯಾರಾಗುತ್ತಿದ್ದವು. ರಾಯರು ಅವನ್ನೇ ಹಾಕಿ ತಾವೇ ಆಂಪ್ಲಿಫೈಯರ್ ಕಟ್ಟಿದ್ದರು. ಯಶವಂತಪುರದ ಗೂಡ್ಸ್ ರೈಲುಗಳ ಸದ್ದು ಇಳಿದ ಮೇಲೆ, ರಾತ್ರಿ ಊಟ ಮುಗಿಸಿ ರೆಕಾರ್ಡು ಹಾಕುತ್ತಿದ್ದರು. "ಮೊದಲು ತಂಬೂರಿ ಎಲ್ಲಿದೆ ಹೇಳಪ್ಪ, ಹಾಡು ಹೇಗಿದೆ ಅಂತ ಆಮೇಲೆ ಹೇಳುವೆಯಂತೆ" ಎನ್ನುತ್ತಿದ್ದರು. ಗಾಯಕರ ಹಿಂದೆ ತಂಬೂರಿ ಬೇರೆಯಾಗಿ ನಿಂತಿದೆಯೇ, ಮೃದಂಗದ ಎಡಗೈ ನಾದ ಪೂರ್ತಿ ಆರುವ ತನಕ ಕೇಳುತ್ತದೆಯೇ, ಅವರು ಮೊದಲು ನೋಡುತ್ತಿದ್ದುದು ಇವನ್ನೇ. ರೆಕಾರ್ಡಿನ ಚರಚರ ಸದ್ದನ್ನು ಅವರು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಒಳ್ಳೆಯ ಮುದ್ರಣವೆಂದರೆ ಸದ್ದಿಲ್ಲದ ಮುದ್ರಣವಲ್ಲ, ಕಲಾವಿದರು ಕೂತ ಜಾಗ ಕೇಳಿಸುವ ಮುದ್ರಣ ಎಂಬ ಅವರ ಮಾತನ್ನು ನಾನು ಇವತ್ತಿಗೂ ಒಪ್ಪುತ್ತೇನೆ.

ಅವರ ಮನೆಯಲ್ಲೇ 'ಜ್ಯೋತಿ' ಕೇಳಿದ್ದು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರ ಜೊತೆ ಮಾಡಿದ ಆಲ್ಬಂ ಅದು. 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು. ಆರ್.ಎ. ರಮಾಮಣಿ ಹಾಡಿದ್ದಾರೆ, ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ, ಟಿ.ಎನ್. ಶಶಿಕುಮಾರ್ ಖಂಜಿರ. ಘಟದ ಮಣ್ಣಿನ ನಾದ, ಖಂಜಿರದ ಚರ್ಮದ ಬಿಗಿ ಅಷ್ಟು ಸ್ಪಷ್ಟವಾಗಿ ನಾನು ಅದಕ್ಕೆ ಮೊದಲು ರೆಕಾರ್ಡಿನಲ್ಲಿ ಕೇಳಿರಲಿಲ್ಲ. ಸಂತೋಷವಾಯಿತು, ಸಂಕಟವೂ ಆಯಿತು. ನಮ್ಮೂರ ಕಲಾವಿದರ ಧ್ವನಿ ಇಷ್ಟು ಚೆನ್ನಾಗಿ ಕೇಳಿಸಲು ಜರ್ಮನಿಯ ಸಂಸ್ಥೆಯೇ ಬೇಕಾಯಿತಲ್ಲ! ವಿಶ್ವಮೋಹನ ಭಟ್ಟರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್' ಕೂಡ ಹಾಗೆಯೇ. 1992ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪ್ರಾರ್ಥನಾ ಮಂದಿರದಲ್ಲಿ ಟೇಪಿನ ಮೇಲೆ ಮುದ್ರಣಗೊಂಡು, ಮುಂದೆ ಗ್ರ್ಯಾಮಿ ಪಡೆಯಿತು.

ಕ್ಯಾಸೆಟ್ ಕಾಲದ ಬಗ್ಗೆ ಹೆಚ್ಚು ಹೇಳಲಾರೆ. ಬೇಕಾದ ಹಾಡುಗಳ ಪಟ್ಟಿ ಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಕೊಡುವ ಅಂಗಡಿಗಳಿದ್ದವು. ಅವುಗಳಲ್ಲಿ ಹೆಸರೂ ಇಲ್ಲ, ಧ್ವನಿಯೂ ಇಲ್ಲ. ತೊಂಬತ್ತರ ದಶಕದಲ್ಲಿ ಮ್ಯೂಸಿಕ್ ಟುಡೇಯಂಥವರು ಶಾಸ್ತ್ರೀಯ ಸಂಗೀತವನ್ನೇ ಉದ್ದೇಶವಿಟ್ಟು ಮುದ್ರಿಸಿದಾಗ, ಆಮೇಲೆ ಸಿಡಿ ಅಂಗಡಿಗಳು ಬಂದಾಗ, ಕಿರುಪುಸ್ತಕದಲ್ಲಿ ಓದುವುದಕ್ಕೆ ಮತ್ತೆ ಏನಾದರೂ ಸಿಕ್ಕಿತು.

ಈಗ ಯಲಹಂಕದ ಮನೆಯಲ್ಲಿ ಕೂತೇ ಎಲ್ಲವೂ ಫೋನಿಗೆ ಬರುತ್ತದೆ. 2021ರಿಂದ ಆಪಲ್ ಮ್ಯೂಸಿಕ್‌ನಲ್ಲಿ ಸಿಡಿ ಗುಣಮಟ್ಟದ ಧ್ವನಿ ಹೆಚ್ಚಿನ ಹಣವಿಲ್ಲದೆ ಸಿಗುತ್ತಿದೆ. ಇದು ದೊಡ್ಡ ಭಾಗ್ಯ, ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ಕಚೇರಿ ನಾಲ್ಕು ಮುಖಚಿತ್ರಗಳಲ್ಲಿ ಸಿಗುತ್ತದೆ. ಒಂದರಲ್ಲಿ ಪ್ರತಿಧ್ವನಿ ಸೇರಿಸಿರುತ್ತಾರೆ, ಇನ್ನೊಂದರಲ್ಲಿ ಟೇಪಿನ ಸದ್ದು ತೆಗೆಯಲು ಹೋಗಿ ತಂಬೂರಿಯ ಜೀವವನ್ನೇ ತೆಗೆದಿರುತ್ತಾರೆ. ಯಾವುದು ಮೂಲಕ್ಕೆ ಹತ್ತಿರ ಎಂದು ತಿಳಿಯಲು ಪರದೆಯ ಮೇಲೆ ಒಂದು ಸಾಲೂ ಇರುವುದಿಲ್ಲ.

ಇದು ಸಣ್ಣ ಮಾತಲ್ಲ. ಜಾಝ್ ಕಲಾವಿದ ಮೈಲ್ಸ್ ಡೇವಿಸ್‌ನ ಆಲ್ಬಂ 'ಕೈಂಡ್ ಆಫ್ ಬ್ಲೂ' 1959ರದು. ಮುದ್ರಿಸುವಾಗ ಟೇಪ್ ಯಂತ್ರ ನಿಧಾನವಾಗಿ ಓಡಿದ್ದರಿಂದ ಎಲ್‌ಪಿಯ ಮೊದಲ ಮಗ್ಗುಲಿನ ಮೂರು ರಚನೆಗಳೂ ಶ್ರುತಿ ಕೊಂಚ ಏರಿದಂತೆ ಕೇಳುತ್ತಿದ್ದವು. ಸರಿಪಡಿಸಿದ ಆವೃತ್ತಿ ಮೊದಲು ಬಂದದ್ದು 1992ರಲ್ಲಿ. ಶ್ರುತಿ ಹಿಡಿದು ಕೇಳುವ ನಮಗೆ ಯಾವ ಆವೃತ್ತಿ ಎಂಬುದು ಮುಖ್ಯ. ಆದ್ದರಿಂದ ಈಗಲೂ ಇಸವಿ, ಸ್ಥಳ, ತಂತ್ರಜ್ಞರ ಹೆಸರು ಹುಡುಕಿಯೇ ಆಲ್ಬಂ ಆರಿಸುತ್ತೇನೆ. ವಾಯುಪಡೆಯ ವಿಮಾನಗಳೂ ಬಳ್ಳಾರಿ ರಸ್ತೆಯ ವಾಹನಗಳೂ ಅಡಗುವ ಹೊತ್ತಿಗೆ ಕೇಳುತ್ತೇನೆ.

ನಮ್ಮ ಕಚೇರಿಗಳ ಮುದ್ರಣ ಮಾತ್ರ ಇನ್ನೂ ಹಿಂದೆಯೇ ಉಳಿದಿದೆ. ಮೈಕ್ ಸೆಟ್ಟಿನಿಂದ ನೇರವಾಗಿ ತಂತಿ ಎಳೆದು ಮುದ್ರಿಸುತ್ತಾರೆ. ಆ ಮಿಶ್ರಣ ಸಭಾಂಗಣದ ಸ್ಪೀಕರಿಗೆಂದು ಮಾಡಿದ್ದು, ಮನೆಯಲ್ಲಿ ಕೇಳಿದರೆ ಮೃದಂಗ ಮುಂದೆ ನುಗ್ಗುತ್ತದೆ, ವೀಣೆಗೆ ಅಂಟಿಸಿದ ಮೈಕಿನಿಂದ ತಂತಿ ಕೇಳುತ್ತದೆ, ಮರ ಕೇಳುವುದಿಲ್ಲ. ಧ್ವನಿಮುದ್ರಣಕ್ಕೆ ಹಣ ಹಾಕುವುದು ಈ ನಾಡಿಗೆ ಹೊಸದಲ್ಲ. ರಷ್ಯದ ಸಂಗೀತ ರಚನಕಾರ ಮೆಡ್ನರ್ ತನ್ನ ಕೃತಿಗಳನ್ನು ತಾನೇ ಪಿಯಾನೊದಲ್ಲಿ ನುಡಿಸಿ ಲಂಡನ್‌ನಲ್ಲಿ ಮುದ್ರಿಸಲು ಜಯಚಾಮರಾಜೇಂದ್ರ ಒಡೆಯರು ನಲವತ್ತರ ದಶಕದಲ್ಲಿ ನೆರವಾದರು. ಆ ಮುದ್ರಣಗಳು ಇಂದಿಗೂ ಜಗತ್ತಿನಲ್ಲಿ ಕೇಳುಗರನ್ನು ಪಡೆದಿವೆ. ಆರ್.ಟಿ. ನಗರದಲ್ಲಿ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್ ಇದೆ, ಬಡಾವಣೆಗಳಲ್ಲಿ ಸಭೆಗಳಿವೆ, ಒಳ್ಳೆಯ ಮೈಕುಗಳು ಈಗ ದುರ್ಲಭವಲ್ಲ.

ಕಚೇರಿ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೆ: ಮುದ್ರಣಕ್ಕೆಂದೇ ಎರಡು ಮೈಕನ್ನು ವೇದಿಕೆಯ ಮುಂದೆ ಬೇರೆಯಾಗಿ ಇಡಿಸಿ. ಹೊರತರುವಾಗ ಸಭಾಂಗಣ, ತಾರೀಖು, ಮುದ್ರಿಸಿದವರ ಹೆಸರು ಮೂರನ್ನೂ ತಪ್ಪದೆ ಹಾಕಿ.