ಸೈಟ್‌ಸೀಯಿಂಗ್ ಸಮಿತಿಯ ಏಕೈಕ ಸದಸ್ಯೆ

ವೈದ್ಯರ ಸಮ್ಮೇಳನಗಳ ಆಹ್ವಾನ ಪತ್ರಿಕೆಗಳೆಲ್ಲ ಒಂದೇ ಅಚ್ಚಿನಿಂದ ಬಂದವು. ಮೊದಲ ಪುಟದಲ್ಲಿ ಅಧ್ಯಕ್ಷರ ಮಾತು, ಆಮೇಲೆ ಕೋಟು ತೊಟ್ಟ ಭಾಷಣಕಾರರ ಫೋಟೋಗಳು, ನಡುವೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಸ ಮಾತ್ರೆಗಳು. ಕೊನೆಯ ಪುಟದಲ್ಲಿ ‘ಊರಿನ ಬಗ್ಗೆ’. ಊರು ಮೈಸೂರಾದರೆ ದೀಪ ಹಚ್ಚಿದ ಅರಮನೆ, ಚಾಮುಂಡಿ ಬೆಟ್ಟದ ನಂದಿ, ಮೃಗಾಲಯದ ಜಿರಾಫೆ, ಕೆಆರ್‌ಎಸ್ ಕಾರಂಜಿ. ವೈದ್ಯರು ಮೊದಲು ಓದುವುದು ಆ ಕೊನೆಯ ಪುಟವನ್ನೇ. ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ಲಿನಿಕ್ ನಡೆಸುತ್ತಿರುವ ನಾನೂ ಇದಕ್ಕೆ ಹೊರತಲ್ಲ.

ನಮ್ಮದು ಸಣ್ಣ ಊರುಗಳ ಕುಟುಂಬ ವೈದ್ಯರ ಸಂಘ. ಈ ಸಲದ ಸಮ್ಮೇಳನ ಮೈಸೂರಿನಲ್ಲಿ ಎಂದು ತೀರ್ಮಾನವಾದ ದಿನ ಕೆಲಸಗಳನ್ನು ಹಂಚಿದರು. ಊಟಕ್ಕೆ ನಾಲ್ವರು, ವೇದಿಕೆಗೆ ಮೂವರು, ವಿಷಯ ಆಯ್ಕೆಗೆ ಆರು ಮಂದಿ. ಕೊನೆಗೆ ಉಳಿದದ್ದು ಊರು ತೋರಿಸುವ ಕೆಲಸ. “ನಿಮಗೆ ಕತೆ ಕಾದಂಬರಿ ಓದೋ ಹುಚ್ಚಿದೆಯಲ್ಲ ಮೇಡಂ, ಅದು ನಿಮಗೇ ಸರಿ” ಎಂದರು ಕಾರ್ಯದರ್ಶಿಗಳು. ಹೀಗೆ ನಾನು ಸೈಟ್‌ಸೀಯಿಂಗ್ ಸಮಿತಿಯ ಅಧ್ಯಕ್ಷೆಯೂ ಆದೆ, ಏಕೈಕ ಸದಸ್ಯೆಯೂ ಆದೆ.

ಇದು ನೋಡುವಷ್ಟು ಹಗುರದ ಕೆಲಸವಲ್ಲ. ದಸರಾ ಹತ್ತಿರ ಇಟ್ಟುಕೊಂಡರೆ ರೂಮು ಸಿಗುವುದಿಲ್ಲ. ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿಕೊಳ್ಳುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ, ಅದೂ ಒಂದು ಗಂಟೆಗೂ ಕಡಿಮೆ ಹೊತ್ತು. ಇನ್ನು ದುಡ್ಡಿನ ಮಾತು. ಒಂದು ಕಾಲದಲ್ಲಿ ಇಂಥ ಪ್ರವಾಸದ ಬಸ್ಸು, ರಾತ್ರಿಯ ಊಟ ಎಲ್ಲ ಯಾವುದಾದರೂ ಔಷಧ ಕಂಪನಿಯ ಲೆಕ್ಕಕ್ಕೆ ಹೋಗುವುದು ಯಾರಿಗೂ ವಿಚಿತ್ರ ಎನಿಸುತ್ತಿರಲಿಲ್ಲ. ವೈದ್ಯರನ್ನೂ ಅವರ ಮನೆಯವರನ್ನೂ ಕಂಪನಿಗಳು ಹೀಗೆ ಸುತ್ತಾಡಿಸಬಾರದು ಎಂದು 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸಂಹಿತೆ ಹೇಳುತ್ತದೆ. ಒಳ್ಳೆಯದೇ ಆಯಿತು. ಈಗ ಪ್ರತಿ ರೂಪಾಯಿಯೂ ನಮ್ಮ ಜೇಬಿನದು. ಜೇಬಿನ ದುಡ್ಡು ಅಂದಮೇಲೆ, ಇಷ್ಟು ಕೊಟ್ಟು ಏನು ನೋಡುತ್ತೇವೆ ಎಂಬ ಪ್ರಶ್ನೆಗೂ ಒಂದು ತೂಕ ಬರುತ್ತದೆ. ನನಗಂತೂ ಎರಡು ದಿನ ಕ್ಲಿನಿಕ್ಕಿನ ಬಾಗಿಲು ಹಾಕುವುದೇ ದೊಡ್ಡ ಖರ್ಚು. ಬಾಗಿಲು ಹಾಕಿದ್ದು ಕಂಡವರು ಎದುರಿನ ಮೆಡಿಕಲ್ ಶಾಪಿಗೆ ಹೋಗಿ, ಹೇಳಿದ ಮಾತ್ರೆ ತಗೊಂಡು ನುಂಗುತ್ತಾರೆ.

ನಾನು ಮೊದಲು ಬರೆದುಕೊಂಡ ಪಟ್ಟಿ ಎಲ್ಲರೂ ಬರೆಯುವಂಥದ್ದೇ. ಅರಮನೆ, ಬೆಟ್ಟ, ಶ್ರೀರಂಗಪಟ್ಟಣ, ನಾಲ್ಕನೆಯದು ಮೈಸೂರು ಸಿಲ್ಕ್ ಫ್ಯಾಕ್ಟರಿ. ಆ ನಾಲ್ಕನೆಯ ಸಾಲು ಅಲ್ಲೇ ಸುಮ್ಮನೆ ಕೂರಲಿಲ್ಲ.

ದೊಡ್ಡಬಳ್ಳಾಪುರ ನೇಯುವ ಊರು. ಹಳೇ ಪೇಟೆಯ ಬೀದಿಗಳಲ್ಲಿ ನಡೆದರೆ ಮನೆಮನೆಯೊಳಗಿಂದ ಪವರ್‌ಲೂಮಿನ ಸದ್ದು. ಹೊರಗಿನಿಂದ ಬಂದವರಿಗೆ ಒಂದು ಗಂಟೆಯಲ್ಲಿ ತಲೆ ಹಿಡಿಯುತ್ತದೆ, ಊರಿನವರಿಗೆ ಕರೆಂಟು ಹೋಗಿ ಸದ್ದು ನಿಂತಾಗಲೇ ಎಚ್ಚರವಾಗುತ್ತದೆ. ಮಗ್ಗಗಳ ನಡುವಿನ ಶಬ್ದ 90 ಡೆಸಿಬೆಲ್ ದಾಟುತ್ತದೆ. ದಿನಕ್ಕೆ ಎಂಟು ಗಂಟೆ ಕೇಳಬೇಕಾದವರಿಗೆ 85 ಡೆಸಿಬೆಲ್ಲಿನಿಂದಾಚೆಗೇ ಅಪಾಯ ಎನ್ನುತ್ತದೆ ನಮ್ಮ ಶಾಸ್ತ್ರ. ಇಲ್ಲಿ ಮಗ್ಗದ ಮುಂದೆ ನಿಲ್ಲುವವರು ಹತ್ತು ಗಂಟೆ, ಹನ್ನೆರಡು ಗಂಟೆ ನಿಲ್ಲುತ್ತಾರೆ.

ಆದರೆ ಕಿವಿ ಕೇಳಿಸುವುದಿಲ್ಲ ಎಂದು ಹೇಳಿಕೊಂಡು ನನ್ನ ಹತ್ತಿರ ಬರುವವರು ಕಡಿಮೆ. ಕೆಮ್ಮೆಂದು ಬರುತ್ತಾರೆ, ಮಂಡಿ ನೋವೆಂದು ಬರುತ್ತಾರೆ. “ಎಷ್ಟು ದಿನದಿಂದ?” ಎಂದು ಕೇಳಿದರೆ ನನ್ನ ತುಟಿ ನೋಡುತ್ತಾರೆ. ಜೊತೆಗೆ ಬಂದ ಹೆಂಡತಿ ಉತ್ತರ ಹೇಳುತ್ತಾಳೆ. ಇಂಥ ಕಿವುಡು ಮೊದಲು ಕಚ್ಚುವುದು ತೀಕ್ಷ್ಣ ಸ್ವರಗಳನ್ನು. ಸ, ಶ ಮೊದಲಾದ ಅಕ್ಷರಗಳ ಅಂಚು ಮಾಸುತ್ತದೆ. ಸ್ವರಗಳು ಮಾತ್ರ ಕಿವಿಗೆ ಬೀಳುತ್ತಿರುತ್ತವೆ. ಹಾಗಾಗಿ ರೋಗಿಗೆ ತಾನು ಕಿವುಡ ಎನಿಸುವುದೇ ಇಲ್ಲ, ಎದುರಿನವರು ಬಾಯೊಳಗೇ ಮಾತಾಡುತ್ತಿದ್ದಾರೆ ಎನಿಸುತ್ತದೆ. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಾತ್ರೆಯಿಲ್ಲ, ಇಂಜೆಕ್ಷನ್ನಿಲ್ಲ. ತಡೆಯಬಹುದು, ಅಷ್ಟೆ. “ಕಿವಿಗೆ ಏನಾದ್ರೂ ಹಾಕ್ಕೊಳ್ಳಿ” ಎಂದರೆ ಒಬ್ಬ ಹಿರಿಯ ನೇಕಾರರು ನನಗೇ ಪಾಠ ಹೇಳಿದರು: “ಎಳೆ ಕಡಿದ್ರೆ, ಲಾಳಿ ಎಡವಟ್ಟಾದ್ರೆ ಸದ್ದಲ್ಲೇ ಗೊತ್ತಾಗ್ಬೇಕು ಡಾಕ್ಟ್ರಮ್ಮಾ. ಕಿವಿ ಮುಚ್ಚಿದ್ರೆ ಸೀರೆ ಕೆಡುತ್ತೆ.” ಸೀರೆ ಉಳಿಸುವುದಕ್ಕೆ ಕಿವಿ ಬೇಕು, ಆ ಕಿವಿಯನ್ನೇ ಸೀರೆ ತಿನ್ನುತ್ತದೆ.

ಮೈಸೂರಿಗೆ ಹೋಗುತ್ತೇವೆ, ಸಿಲ್ಕ್ ಫ್ಯಾಕ್ಟರಿ ನೋಡುತ್ತೇವೆ ಎಂದು ಅವರಿಗೇ ಗಟ್ಟಿಯಾಗಿ ಹೇಳಿದೆ. ನಕ್ಕರು. “ಅದನ್ನ ನೋಡೋಕೆ ಅಷ್ಟು ದೂರ ಯಾಕ್ ಹೋಗ್ತೀರಾ? ನಮ್ಮನೇಲಿ ದಿನಾ ನೋಡ್ಬೋದು.”

ಮಾನಂದವಾಡಿ ರಸ್ತೆಯ ಆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, 1912ರಲ್ಲಿ ಶುರುವಾದದ್ದು. ಅಲ್ಲಿಗೆ ಹೋದ ಪ್ರವಾಸಿಗರು ಜರಿ ಕಂಡು ಬೆರಗಾಗುತ್ತಾರೆ, ಹತ್ತು ನಿಮಿಷಕ್ಕೆ ಕಿವಿ ಮುಚ್ಚಿಕೊಂಡು ಹೊರಗೆ ಬರುತ್ತಾರೆ, ಪಕ್ಕದ ಮಳಿಗೆಯಲ್ಲಿ ಸೀರೆ ಕೊಳ್ಳುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಸ್ಥಾಪನೆಯಾದ ಇದು ಮಾತು ಮತ್ತು ಕೇಳುವಿಕೆಯ ತೊಂದರೆಗಳಿಗೆ ದೇಶದಲ್ಲೇ ಹೆಸರಾದ ಸಂಸ್ಥೆ. ಸಿಲ್ಕ್ ಫ್ಯಾಕ್ಟರಿ ಪ್ರವಾಸಿ ನಕ್ಷೆಯಲ್ಲಿದೆ, ಶ್ರವಣ ಸಂಸ್ಥೆ ರೋಗಿಗಳ ನಕ್ಷೆಯಲ್ಲಿದೆ. ಇವೆರಡನ್ನೂ ಒಂದೇ ಬೆಳಗ್ಗೆ, ಒಂದರ ಬೆನ್ನಿಗೆ ಒಂದು ನೋಡಿದರೆ? ಮೊದಲು ಸದ್ದು, ಆಮೇಲೆ ಸದ್ದು ಮಾಡಿದ ಕೆಲಸ.

ಈ ಎರಡು ಜಾಗಗಳು ಕೂಡಿಕೊಂಡ ಮೇಲೆ ಇಡೀ ಮೈಸೂರೇ ನನಗೆ ಬೇರೆ ಥರ ಕಾಣತೊಡಗಿತು. ಕೊನೆಯ ಪುಟದ ಚಿತ್ರಗಳ ಹಿಂದೆಲ್ಲ ಒಂದೊಂದು ಕಾಯಿಲೆ ನಿಂತಿದೆ. ಹತ್ತನೇ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತಕ್ಕೆ ಹೋದವರು ಡಿಫ್ತೀರಿಯಾದಿಂದ ಅಲ್ಲೇ ತೀರಿಕೊಂಡರು, ಆಗ ಮಗನಿಗೆ ಹತ್ತು ವರ್ಷ. ಇಂದು ಅಂಗನವಾಡಿಯಲ್ಲಿ ಪುಕ್ಕಟೆ ಹಾಕುವ ಲಸಿಕೆ ತಡೆಯುವ ಕಾಯಿಲೆ ಅದು. 1897ರಲ್ಲಿ ಮದುವೆ ಸಂಭ್ರಮದ ನಡುವೆ ಹಳೆಯ ಅರಮನೆ ಸುಟ್ಟುಹೋಯಿತು. ಈಗ ನಾವು ಫೋಟೋ ತೆಗೆಸಿಕೊಳ್ಳುವ ಅರಮನೆ ಆಮೇಲೆ ಕಟ್ಟಿ 1912ರಲ್ಲಿ ಮುಗಿಸಿದ್ದು. ಅರಮನೆ ಏಳುತ್ತಿದ್ದ ಅದೇ ವರ್ಷಗಳಲ್ಲಿ ಊರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಮನೆಗಳು, ಗಾಳಿಯಿಲ್ಲದ ಓಣಿಗಳು, ಇಲಿಗಳು. 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಮೈಸೂರಿನ ಅಗಲ ರಸ್ತೆಗಳನ್ನು, ಹಳೇ ಬಡಾವಣೆಗಳ ಮನೆಗಳ ಬೆನ್ನಿಗೆ ಓಡುವ ಕನ್ಸರ್ವೆನ್ಸಿ ಗಲ್ಲಿಗಳನ್ನು ನಾವು ರಾಜರ ಅಭಿರುಚಿ ಎಂದು ಹೊಗಳುತ್ತೇವೆ. ಆ ಅಂದದಲ್ಲಿ ಒಂದು ಪಾಲು ಭಯದ್ದು.

ಇನ್ನು ಕ್ಷಯ. ಆ ಕಾಯಿಲೆಗೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನಲ್ಲಿ 1921ರಲ್ಲಿ ಕ್ಷಯರೋಗ ಆಸ್ಪತ್ರೆ ಎದ್ದಿತು. ಈಗಲೂ ಜನ ಅದನ್ನು ಪಿಕೆಟಿಬಿ ಎನ್ನುತ್ತಾರೆ, ಆದರೆ ಆ ‘ಪಿಕೆ’ ಒಬ್ಬ ಹೆಣ್ಣುಮಗಳ ಹೆಸರೆಂದು ಗೊತ್ತಿರುವವರು ಕಡಿಮೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ನಮ್ಮ ಸಂಘದ ಎಷ್ಟೋ ಹಿರಿಯರು ಓದಿದ್ದು ಅಲ್ಲೇ.

ಮೈಸೂರಿನಲ್ಲಿ ನೋಡಲು ಸಿಗದ ಒಂದು ಚಿತ್ರವನ್ನೂ ಪಟ್ಟಿಗೆ ಸೇರಿಸಿದ್ದೇನೆ, ಬಸ್ಸಿನಲ್ಲಿ ಮೊಬೈಲಿನಲ್ಲೇ ತೋರಿಸುತ್ತೇನೆ. ಐರಿಶ್ ಮೂಲದ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದದ್ದು, ಮೈಸೂರು ಅರಮನೆಯ ಮೂವರು ಹೆಂಗಸರು. ಅವರಲ್ಲೊಬ್ಬಳು, ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮದುವೆಯಾದ ಎಳೆಯ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋಳಿನತ್ತ ಬೆರಳು ತೋರಿಸುತ್ತಿದ್ದಾಳೆ. ಅದು ಸಿಡುಬಿನ ಲಸಿಕೆ ಹಾಕಿದ ಜಾಗ, ಹೊಸ ಲಸಿಕೆಗೆ ಹೆದರುತ್ತಿದ್ದ ಜನರ ಮುಂದೆ ರಾಜಮನೆತನವೇ ತೋಳು ಒಡ್ಡಿದ ಚಿತ್ರ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ. ಇಂಡಿಯಾದಲ್ಲಿ ಮೊದಲ ಬಾರಿಗೆ ಆ ಲಸಿಕೆ ಹಾಕಿದ್ದು 1802ರಲ್ಲಿ, ಮುಂಬಯಿಯ ಮೂರು ವರ್ಷದ ಮಗುವಿಗೆ. ಕೊರೋನಾ ಕಾಲದಲ್ಲಿ ಮಗ್ಗದ ಮನೆಗಳ ಬಾಗಿಲಲ್ಲಿ ನಿಂತು “ಒಂದು ಸಲ ಹಾಕಿಸ್ಕೊಳ್ಳಿ” ಎಂದು ಬೇಡಿದ ನನಗೆ ಆ ರಾಣಿಯ ತೋಳು ಬೇಗ ಅರ್ಥವಾಯಿತು.

ಕೊನೆಯ ನಿಲ್ದಾಣ ಚಾಮರಾಜಪುರಂನಲ್ಲಿ ತ್ರಿವೇಣಿಯವರ ಮನೆ. ಅವರ ‘ಶರಪಂಜರ’ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಗುಣವಾದವಳನ್ನು ಮನೆ, ನೆರೆಹೊರೆ ಗುಣವಾದವಳೆಂದು ಒಪ್ಪುವುದಿಲ್ಲ, ಮತ್ತೆ ಕೆಡಿಸುತ್ತವೆ. ನಾವು ಡಿಸ್ಚಾರ್ಜ್ ಚೀಟಿ ಬರೆದು ಕೈತೊಳೆದುಕೊಂಡ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬರೆದವರು ವೈದ್ಯರಲ್ಲ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರೂ ತೀರಿಕೊಂಡರು.

ಈ ಪಟ್ಟಿ ಓದಿದಾಗ ಸಭೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು ಕನ್ನಡಕ ತೆಗೆದರು. “ವರ್ಷವೆಲ್ಲ ಕಾಯಿಲೆ ನೋಡಿದವರನ್ನ ಮೈಸೂರಿಗೆ ಕರ್ಕೊಂಡೋಗಿ ಮತ್ತೆ ಕಾಯಿಲೆ ತೋರಿಸ್ತೀರೇನಮ್ಮ? ನನ್ನ ಹೆಂಡತಿ ಹತ್ತು ವರ್ಷದಿಂದ ನನ್ನ ಜೊತೆ ಎಲ್ಲೂ ಬಂದಿಲ್ಲ. ಅವಳಿಗೆ ಬೃಂದಾವನ ಬೇಕು.” ಅದರಲ್ಲಿ ಕೊಂಕಿರಲಿಲ್ಲ. ಸಣ್ಣ ಊರಿನ ವೈದ್ಯರ ಮನೆಯವರು ಊಟದ ತಟ್ಟೆ ಮುಚ್ಚಿಟ್ಟು ಕಾದ ರಾತ್ರಿಗಳ ಲೆಕ್ಕ ನನಗೂ ಗೊತ್ತು. ಏನನ್ನೂ ಕಲಿಯದೆ ಸುಮ್ಮನೆ ಕಾರಂಜಿ ನೋಡುವ ಹಕ್ಕು ಅವರಿಗೆ ಖಂಡಿತ ಇದೆ. ಇನ್ನೊಬ್ಬರು ಕೇಳಿದ್ದು ಇದಕ್ಕಿಂತ ಕಷ್ಟದ ಪ್ರಶ್ನೆ: “ರೋಗಿಗಳಿರೋ ಜಾಗಕ್ಕೆ ಬಸ್ ತುಂಬ ಹೋದ್ರೆ ಅದೂ ಮೃಗಾಲಯ ನೋಡಿದ ಹಾಗೇ ಅಲ್ವಾ?” ಅದಕ್ಕೇ ಪಟ್ಟಿಯನ್ನು ತಿದ್ದಿದೆ. ಕ್ಷಯದ ಆಸ್ಪತ್ರೆಯ ಒಳಗೆ ಹೋಗುವುದಿಲ್ಲ, ರಸ್ತೆಯಲ್ಲಿ ಬಸ್ಸು ನಿಧಾನ ಮಾಡಿ ಅದರ ಕತೆ ಹೇಳುವುದು. ಶ್ರವಣ ಸಂಸ್ಥೆಗೆ ಮೊದಲೇ ಪತ್ರ ಬರೆದು ಅನುಮತಿ ಕೇಳಿ, ಅವರು ಒಪ್ಪಿದರೆ ಅವರು ಹೇಳಿದಷ್ಟೇ ಜನ. ನೋಡುವುದಕ್ಕಲ್ಲ, ಕೇಳುವುದಕ್ಕೆ.

ಕೊನೆಗೆ ಎರಡು ಬಸ್ಸು ಎಂದಾಯಿತು. ಒಂದು ಬೆಟ್ಟ, ಮೃಗಾಲಯ, ಬೃಂದಾವನಕ್ಕೆ. ಇನ್ನೊಂದು ನನ್ನದು. ಫ್ಯಾಕ್ಟರಿಗೆ ಭಾನುವಾರ ರಜೆ, ಸಂಸ್ಥೆಗೆ ಹೋಗುವುದಕ್ಕೂ ಕೆಲಸದ ದಿನವೇ ಬೇಕು. ಹಾಗಾಗಿ ನನ್ನ ಬಸ್ಸು ಹೊರಡುವುದು ಶುಕ್ರವಾರ, ಅಂದರೆ ಕ್ಲಿನಿಕ್ಕಿಗೆ ಇನ್ನೂ ಒಂದು ದಿನ ಬೀಗ. ಭಾನುವಾರ ಸಂಜೆ ಅರಮನೆಯ ದೀಪ ಮಾತ್ರ ಎಲ್ಲರಿಗೂ ಒಟ್ಟಿಗೆ. ಇವತ್ತಿಗೆ ನನ್ನ ಬಸ್ಸಿಗೆ ಹದಿನಾಲ್ಕು ಹೆಸರು ಬಂದಿವೆ. ಅದರಲ್ಲಿ ಒಂದು ಆ ಹಿರಿಯರ ಹೆಂಡತಿಯದು. ತ್ರಿವೇಣಿ ಮನೆ ನೋಡಬೇಕಂತೆ, ಬೃಂದಾವನವನ್ನು ಮದುವೆಯಾದ ಹೊಸದರಲ್ಲೇ ನೋಡಿದ್ದಾರಂತೆ.

ಶ್ರವಣ ಸಂಸ್ಥೆಯಲ್ಲಿ ಕೇಳಬೇಕೆಂದು ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಎರಡು ದಿನದ ಕೂಲಿ ಕಳೆದುಕೊಳ್ಳದೆ ದೊಡ್ಡಬಳ್ಳಾಪುರದ ನೇಕಾರ ಕಿವಿ ಪರೀಕ್ಷೆ ಮಾಡಿಸಿಕೊಳ್ಳುವುದು ಹೇಗೆ, ಹಳ್ಳಿಗಳಿಗೆ ಹೋಗಿ ಶಿಬಿರ ಮಾಡುವ ಅವರು ನಮ್ಮ ಪೇಟೆ ಬೀದಿಗೆ ಬರುವುದಾದರೆ ನಾವೇನು ಸಿದ್ಧ ಮಾಡಬೇಕು? ಎಳೆ ಕಡಿದ ಸದ್ದು ಕೇಳಿಸಿಯೂ ಕಿವಿ ಉಳಿಸುವಂಥದ್ದು ಏನಾದರೂ ಇದೆಯೇ? ಮೂರನೆಯದನ್ನು ಬರೆದದ್ದು ಹೋದ ವಾರ, ಜ್ವರ ಬಂದ ಮಗುವನ್ನು ನೋಡಲು ಒಂದು ಮನೆಗೆ ಹೋದಾಗ. ಎರಡು ಮಗ್ಗ ಓಡುತ್ತಿದ್ದವು. ಅವುಗಳ ಪಕ್ಕದಲ್ಲೇ ಕಟ್ಟಿದ ಸೀರೆಯ ಜೋಲಿಯಲ್ಲಿ ಏಳು ತಿಂಗಳ ಕೂಸು ಗಾಢ ನಿದ್ದೆಯಲ್ಲಿತ್ತು. “ಸದ್ದಿದ್ರೇನೇ ಡಾಕ್ಟ್ರಮ್ಮಾ ಇವನು ಮಲಗೋದು” ಎಂದಳು ತಾಯಿ, ಹೆಮ್ಮೆಯಿಂದ. ಆ ಕಿವಿಗೆ ಎಷ್ಟು ಡೆಸಿಬೆಲ್ ಸರಿ ಎಂದು ಕೇಳಬೇಕು.